ಅತಿತ್ಲಾನ್ ಸರೋವರದ ದಡದಲ್ಲಿ ತೊಂಬತ್ತು ದಿನ



ಕಳೆದ ಸಲ ರಜೆಗೆ ಊರಿಗೆ ಬಂದಿದ್ದಾಗ ಭಾನುವಾರದ ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತಿದ್ದೆ. ನನ್ನನ್ನು ಚಿಕ್ಕಂದಿನಿಂದ ಬಲ್ಲ ಹಿರಿಯರೊಬ್ಬರು ಹತ್ತಿರ ಬಂದು, "ಫಾದರ್, ಅಮೆರಿಕಕ್ಕೆ ಹೋಗುವ ಮೊದಲು ನೀವು ಯಾವುದೋ ಕೆರೆಯ ಬದಿಯಲ್ಲಿ ಮೂರು ತಿಂಗಳು ಇದ್ದಿರಂತಲ್ಲ, ಅಲ್ಲಿ ನಿಮಗೇನು ಕೆಲಸ?" ಎಂದು ಕೇಳಿದರು. "ಬೆಳಿಗ್ಗೆ ಕಲಿಸುವುದು, ಆಮೇಲೆ ಕಲಿಯುವುದು" ಎಂದೆ. ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಿರಲಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಮೆರಿಕದ ಒಂದು ಧರ್ಮಪ್ರಾಂತ್ಯದಲ್ಲಿ ಸೇವೆ ಮಾಡಲು ನನ್ನನ್ನು ಕಳುಹಿಸುವುದೆಂದು ತೀರ್ಮಾನವಾಗಿತ್ತು. ನಾನು ಹೋಗಬೇಕಾಗಿದ್ದ ಕಡೆ ಪೂಜೆಗೆ ಬರುವವರಲ್ಲಿ ಬಹಳ ಮಂದಿ ಸ್ಪ್ಯಾನಿಷ್ ಮಾತಾಡುವ ವಲಸಿಗರು. ಭಾಷೆ ಬಾರದೆ ಪಾಪನಿವೇದನೆ ಕೇಳುವುದು ಹೇಗೆ? ಕಡಿಮೆ ಖರ್ಚಿನಲ್ಲಿ ಬೇಗ ಕಲಿಯಬೇಕಾದರೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶಕ್ಕೆ ಹೋಗಿ, ಅಲ್ಲಿ ಮನೆಗಳಲ್ಲೇ ಇಟ್ಟುಕೊಂಡು ಕಲಿಸುತ್ತಾರೆ ಎಂದರು. ಆದರೆ ಇತ್ತ ಗುರುಮಠದಲ್ಲಿ ನಾನು ಕಲಿಸುತ್ತಿದ್ದ ಧರ್ಮಸಭೆಯ ಇತಿಹಾಸದ ಪಾಠ ಅರ್ಧದಲ್ಲಿತ್ತು. "ಕೋವಿಡ್ ಕಾಲದಲ್ಲಿ ಎಲ್ಲರೂ ಕಂಪ್ಯೂಟರಿನಲ್ಲಿ ಕಲಿಸಲಿಲ್ಲವೇ? ಉಳಿದದ್ದನ್ನು ಅಲ್ಲಿಂದಲೇ ಮುಗಿಸಿಬಿಡಿ" ಎಂದರು ನಮ್ಮ ಹಿರಿಯರು. ಹೀಗೆ 2023ರ ಜನವರಿಯಲ್ಲಿ ಒಂದು ಲ್ಯಾಪ್‌ಟಾಪ್, ಎರಡು ಜೊತೆ ಬಟ್ಟೆ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಇಷ್ಟನ್ನು ಹೊತ್ತುಕೊಂಡು ಹೊರಟೆ. ಆ ದೇಶದಲ್ಲಿ ಪ್ರವಾಸಿಗೆ ಇರಲು ಬಿಡುವುದು ತೊಂಬತ್ತು ದಿನ.

ರಾಜಧಾನಿಯಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಸೊಲೊಲಾ ಎಂಬ ಊರು ದಾಟಿ ರಸ್ತೆ ಗಿರಗಿರನೆ ಇಳಿಯತೊಡಗಿದಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆ ನೀರು ಕಾಣುತ್ತದೆ. ಅದನ್ನು ಕೆರೆ ಎನ್ನಲು ಬಾಯಿ ಬಾರದು. ಸುಮಾರು 130 ಚದರ ಕಿಲೋಮೀಟರ್ ನೀರು, ಆಳ 300 ಮೀಟರಿಗೂ ಹೆಚ್ಚು, ಅದೂ ಸಮುದ್ರಮಟ್ಟದಿಂದ ಸುಮಾರು 1,560 ಮೀಟರ್ ಎತ್ತರದಲ್ಲಿ! ಹತ್ತಿರ ಹತ್ತಿರ ಎಂಬತ್ತು ಸಾವಿರ ವರ್ಷಗಳ ಹಿಂದೆ ಇಲ್ಲಿ ಒಂದು ಭಾರೀ ಅಗ್ನಿಪರ್ವತ ಸಿಡಿದು ನೆಲ ಕುಸಿದು ಆದ ಹೊಂಡ ಇದು. ದಕ್ಷಿಣದ ದಡದಲ್ಲಿ ಸಾನ್ ಪೆದ್ರೊ, ತೊಲಿಮಾನ್, ಅತಿತ್ಲಾನ್ ಎಂಬ ಮೂರು ಅಗ್ನಿಪರ್ವತಗಳು ಕಾವಲುಗಾರರಂತೆ ನಿಂತಿವೆ. ಮೂರೂ 3,000 ಮೀಟರಿಗಿಂತ ಎತ್ತರ. ಸುತ್ತಲಿನ ಊರುಗಳ ಹೆಸರು ಕೇಳಿದರೆ ಶುಭಸಂದೇಶವನ್ನೇ ತೆರೆದಿಟ್ಟಂತೆ: ಸಂತ ಪೇತ್ರರ ಊರು, ಪೌಲರ ಊರು, ಯೊವಾನ್ನರ ಊರು, ಮಾರ್ಕರ ಊರು, ಲೂಕರ ಊರು, ಯಕೋಬರ ಊರು. ಸ್ಪೇನಿನಿಂದ ಬಂದ ಸನ್ಯಾಸಿಗಳ ಕಾಲದ ಹೆಸರುಗಳಿವು. ನನಗೆ ಸಿಕ್ಕಿದ್ದು ಪೇತ್ರರ ಊರು, ಸಾನ್ ಪೆದ್ರೊ ಲಾ ಲಗೂನಾ.

ಪನಹಚೆಲ್ ಎಂಬಲ್ಲಿಂದ ದೋಣಿ ಹತ್ತಬೇಕು. 'ಲಾಂಚಾ' ಎಂದು ಕರೆಯುವ ಯಂತ್ರದ ದೋಣಿ. ಊರವರಿಗೆ ಒಂದು ದರ, ನಮ್ಮಂಥ ಪರದೇಶಿಗಳಿಗೆ ಇನ್ನೊಂದು. ನನ್ನ ಮೈಬಣ್ಣ ನೋಡಿ ದೋಣಿಯವನು ಒಂದು ಕ್ಷಣ ಗೊಂದಲಕ್ಕೆ ಬಿದ್ದ. ನಾನು ಬಾಯಿ ತೆರೆದ ಮೇಲೆ ಪರದೇಶಿಯ ದರವನ್ನೇ ತೆಗೆದುಕೊಂಡ. ದಡ ಮುಟ್ಟಿ ಕಡಿದಾದ ಏರು ನೋಡಿ ನಿಟ್ಟುಸಿರು ಬಿಡುತ್ತಿದ್ದಾಗ ಕೆಂಪು ಬಣ್ಣದ ಆಟೋರಿಕ್ಷಾ ಬಂದು ನಿಂತಿತು. ನೋಡಿದರೆ ನಮ್ಮ ಬಜಾಜ್! ಭಾರತದಿಂದ ಹಡಗಿನಲ್ಲಿ ಹೋದ ಈ ಮೂರು ಗಾಲಿಯ ಬಂಡಿಗಳೇ ಆ ದೇಶದ ಸಣ್ಣ ಊರುಗಳಿಗೆಲ್ಲ ಕಾಲು. ನಾನು ಭಾರತದವನು ಎಂದು ತಿಳಿದದ್ದೇ ಚಾಲಕ ಹ್ಯಾಂಡಲ್ಲಿನ ಮೇಲೆ ತಟ್ಟಿ ನಕ್ಕ. ಬಾಡಿಗೆಯಲ್ಲಿ ಮಾತ್ರ ಏನೂ ಬಿಡಲಿಲ್ಲ.

ಸಮಯದ ಲೆಕ್ಕ ಹೀಗಿತ್ತು. ನಮಗೂ ಅವರಿಗೂ ಹನ್ನೊಂದೂವರೆ ಗಂಟೆಯ ಅಂತರ. ಗುರುಮಠದಲ್ಲಿ ಸಂಜೆ ಆರೂವರೆಗೆ ಹುಡುಗರು ಪಾಠಕ್ಕೆ ಕುಳಿತಾಗ ನನಗೆ ಬೆಳಗಿನ ಏಳು ಗಂಟೆ. ಅವರ ಕಿಟಕಿಯಲ್ಲಿ ಕತ್ತಲೆ ಇಳಿಯುತ್ತಿದ್ದರೆ ನನ್ನ ಕಿಟಕಿಯಲ್ಲಿ ಬಿಸಿಲು ಏರುತ್ತಿತ್ತು. ಎಂಟೂವರೆಗೆ ಪಾಠ ಮುಗಿಸಿ, ಒಂಬತ್ತಕ್ಕೆ ನಾನೇ ಪುಸ್ತಕ ಹಿಡಿದು ಶಾಲೆಗೆ ಹೋಗಬೇಕು. ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕಿ, ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ. ಮಧ್ಯಾಹ್ನದ ಹೊತ್ತಿಗೆ ಸರೋವರದ ಮೇಲೆ 'ಶೊಕೊಮಿಲ್' ಎಂಬ ಗಾಳಿ ಏಳುತ್ತದೆ. ಆವರೆಗೆ ಕನ್ನಡಿಯಂತಿದ್ದ ನೀರು ಅಲೆ ಅಲೆಯಾಗಿ ದೋಣಿಗಳನ್ನು ಎತ್ತಿ ಕುಕ್ಕುತ್ತದೆ. ಜನರ ಪಾಪಗಳನ್ನು ಹೊತ್ತೊಯ್ಯುವ ಗಾಳಿ ಎಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. ನನ್ನ ಕೆಲಸವನ್ನೇ ಮಾಡುತ್ತಿದೆಯಲ್ಲ ಎಂದು ತಮಾಷೆಗೆ ಹೇಳಿದೆ. ನನ್ನ ಸ್ಪ್ಯಾನಿಷ್ ಯಾರಿಗೂ ಅರ್ಥವಾಗಲಿಲ್ಲ.

ಮೊದಲ ವಾರದಲ್ಲೇ ಒಂದು ಎಡವಟ್ಟಾಯಿತು. "ನಿಮ್ಮ ಪರಿಚಯ ಹೇಳಿ" ಎಂದರು ಶಿಕ್ಷಕಿ. ಪದಕೋಶ ನೋಡಿ ಸಿದ್ಧಮಾಡಿಕೊಂಡಿದ್ದ ನಾನು 'ಸೋಯ್ ಇಂದಿಯೊ' ಎಂದೆ, ನಾನು ಇಂಡಿಯನ್ ಎಂಬ ಅರ್ಥದಲ್ಲಿ. ಆಕೆ ಕಣ್ಣು ಕೆಳಗೆ ಹಾಕಿ ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, "ಪಾದ್ರೆ, ಆ ಶಬ್ದ ಇಲ್ಲಿ ಬೇಡ" ಎಂದರು. ಕೊಲಂಬಸ್ ದಾರಿ ತಪ್ಪಿ ಬಂದು ಇದೇ ಇಂಡಿಯಾ ಎಂದುಕೊಂಡ ತಪ್ಪಿಗೆ ಇಲ್ಲಿಯ ಮೂಲನಿವಾಸಿಗಳಿಗೆ ಆ ಹೆಸರು ಅಂಟಿತು. ಅವರನ್ನು ತೋಟಗಳಲ್ಲಿ ದುಡಿಸಿಕೊಂಡವರ ಬಾಯಲ್ಲಿ ಅದು ಬೈಗುಳವಾಯಿತು. ಆಕೆಯ ಅಜ್ಜ ಆ ಮಾತನ್ನು ಕೇಳಿ ಕೇಳಿ ಬೆಳೆದವರಂತೆ. ಹಾಗಾದರೆ ನಾನು ಏನೆಂದು ಹೇಳಿಕೊಳ್ಳಲಿ? "ಹಿಂದೂ ಎನ್ನಿ" ಎಂದರು! ಸ್ಪ್ಯಾನಿಷ್‌ನಲ್ಲಿ ಭಾರತದಿಂದ ಬಂದವರನ್ನೆಲ್ಲ ಹಾಗೆ ಕರೆಯುವ ರೂಢಿ ಇದೆ. ಹೀಗೆ ಆ ತೊಂಬತ್ತು ದಿನ ನಾನು ಊರಿನ ಕಥೋಲಿಕರ ಬಾಯಲ್ಲಿ 'ಪಾದ್ರೆ ಹಿಂದೂ' ಆಗಿದ್ದೆ.

ನಾನಿದ್ದ ಮನೆ ಒಬ್ಬ ವಿಧವೆಯದು. ನಾನು ಅವರನ್ನು 'ದೋನ್ಯಾ' ಎಂದು ಕರೆಯುತ್ತಿದ್ದೆ, ನಮ್ಮಲ್ಲಿ ಹಿರಿಯ ಹೆಂಗಸರಿಗೆ 'ಅಮ್ಮ' ಎಂದ ಹಾಗೆ. ಬೆಳಿಗ್ಗೆ ಐದಕ್ಕೇ ಅಡುಗೆಮನೆಯಿಂದ ಅಂಗೈಗೆ ಅಂಗೈ ತಟ್ಟುವ ಸದ್ದು. ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿದ ಮೆಕ್ಕೆಜೋಳದ ಹಿಟ್ಟನ್ನು ತಟ್ಟಿ ಮಾಡುವ ರೊಟ್ಟಿ, ತೋರ್ತಿಯಾ. ಸೊಲ್ಲಾಪುರ, ಅಕ್ಕಲಕೋಟೆಯ ಓದುಗರಿಗೆ ಈ ಸದ್ದಿನ ಸುಖ ಹೇಳಬೇಕಾಗಿಲ್ಲ. ಜೊತೆಗೆ ಕಪ್ಪು ಹುರುಳಿಕಾಯಿ ಬೀಜದ ಗೊಜ್ಜು, ಮತ್ತು ವಾರಕ್ಕೆ ಮೂರು ದಿನ ಒಂದು ತರಕಾರಿ. ಎಲ್ಲೋ ನೋಡಿದ್ದೇನಲ್ಲ ಎಂದು ತಿರುಗಿಸಿ ನೋಡಿದರೆ ನಮ್ಮ ಸೀಮೆಬದನೆ! ಹೊಸೂರು, ನೀಲಗಿರಿಯ ಸಂತೆಯಲ್ಲಿ ರಾಶಿ ಬೀಳುವ ಆ ಕಾಯಿಯ ನಿಜವಾದ ಸೀಮೆ ಆ ಕಡೆಯದೇ. ಬೆಟ್ಟದ ಇಳಿಜಾರಿನಲ್ಲಿ ಕಾಫಿ ತೋಟಗಳು, ನೆರಳಿಗೆ ವಯನಾಡಿನಲ್ಲಿ ಇರುವಂಥದೇ ಸಿಲ್ವರ್ ಓಕ್ ಮರಗಳು. ನಾನು ಹೋದಾಗ ಕೊಯ್ಲಿನ ಕಾಲ. ಹೆಂಗಸರು ಮಕ್ಕಳು ಎನ್ನದೆ ಹಣ್ಣು ಕೊಯ್ದು ಬೆನ್ನ ಮೇಲೆ ಮೂಟೆ ಹೊತ್ತು, ಹಣೆಗೆ ಪಟ್ಟಿ ಕೊಟ್ಟು ಇಳಿಯುತ್ತಿದ್ದರು.

ಇನ್ನು ಭಾಷೆಯ ಸಂಗತಿ. ನಮ್ಮ ಕಾಸರಗೋಡಿನ ಕಡೆ ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳ ಎಂದರೆ ಹೊರಗಿನವರು ನಂಬುವುದಿಲ್ಲ. ಆ ಸರೋವರದ ಸುತ್ತ ಮೂರು ಮಾಯಾ ಭಾಷೆಗಳಿವೆ: ತ್ಸುತುಹಿಲ್, ಕಕ್ಚಿಕೆಲ್, ಕಿಚೆ. ಇಡೀ ದೇಶದಲ್ಲಿ ಮಾಯಾ ಭಾಷೆಗಳೇ 22. ನಮ್ಮ ದೋನ್ಯಾ ಪಾತ್ರೆಯ ಜೊತೆ, ಕೋಳಿಯ ಜೊತೆ, ದೇವರ ಜೊತೆ ಮಾತಾಡುತ್ತಿದ್ದುದು ತ್ಸುತುಹಿಲ್. ನನ್ನ ಜೊತೆ ಸ್ಪ್ಯಾನಿಷ್. ಮೊಮ್ಮಗಳು ಮಾತ್ರ ಅಜ್ಜಿ ಕೇಳಿದ ತ್ಸುತುಹಿಲ್ ಪ್ರಶ್ನೆಗೆ ಸ್ಪ್ಯಾನಿಷ್‌ನಲ್ಲೇ ಉತ್ತರಿಸುತ್ತಿದ್ದಳು. ಕನ್ನಡ ಶಾಲೆಗೆ ಮಕ್ಕಳು ಕಡಿಮೆಯಾದ ಗಡಿನಾಡಿನಿಂದ ಹೋದವನಿಗೆ ಆ ಮಾತುಕತೆ ಕೇಳುವುದು ಕಷ್ಟವೇ.

ಊರಿನ ಕೆಳಭಾಗ, ನೀರಿನ ಅಂಚು, ಬೇರೆಯೇ ಲೋಕ. ಅಲ್ಲಿ ನನ್ನ ಹಾಗೆ ಲ್ಯಾಪ್‌ಟಾಪ್ ಹಿಡಿದು ಬಂದ ಯುವಕ ಯುವತಿಯರು. ಯುರೋಪಿನವರು, ಅಮೆರಿಕದವರು, ಕಂಪನಿ ಎಲ್ಲೋ, ಕೆಲಸ ಎಲ್ಲೋ, ಸಂಬಳ ಡಾಲರಿನಲ್ಲಿ, ಖರ್ಚು ಕೆತ್ಸಾಲಿನಲ್ಲಿ. ಕಾಫಿ ಅಂಗಡಿಯಲ್ಲಿ ಅವರು ಮೊದಲು ಹುಡುಕುವುದು ಪ್ಲಗ್ ಇರುವ ಮೇಜನ್ನು. ಕೆಟ್ಟವರೇನಲ್ಲ. ಒಬ್ಬ ಹುಡುಗ ನನ್ನ ಕಂಪ್ಯೂಟರ್ ಕೈಕೊಟ್ಟಾಗ ಎರಡು ಗಂಟೆ ಕುಳಿತು ಸರಿಮಾಡಿಕೊಟ್ಟ, ಹಣ ಮುಟ್ಟಲಿಲ್ಲ. ಆದರೆ ಐದು ತಿಂಗಳಿಂದ ಇದ್ದ ಮನೆಯ ಒಡತಿಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಇಂಥವರಿಂದ ಊರಿಗೆ ಬಾಡಿಗೆ ಬರುತ್ತದೆ, ಶಾಲೆಗಳಲ್ಲಿ ಕಲಿಸುವವರಿಗೆ ಕೆಲಸ ಸಿಗುತ್ತದೆ. ಜೊತೆಗೇ ನೀರಿನ ಬದಿಯ ಜಾಗ ಊರವರ ಮಕ್ಕಳ ಕೈಗೆ ಎಟುಕದಷ್ಟು ದುಬಾರಿಯಾಗುತ್ತದೆ ಎಂದು ದೋನ್ಯಾ ಹೇಳುತ್ತಿದ್ದರು.

ಹೊರಗಿನವರ ಅನುಕೂಲಕ್ಕಾಗಿ ಆ ಸರೋವರ ಹಿಂದೆಯೂ ಬೆಲೆ ತೆತ್ತಿದೆ. 1950ರ ದಶಕದ ಕೊನೆಯಲ್ಲಿ, ಗಾಳ ಹಾಕುವ ಪ್ರವಾಸಿಗರು ಬರಲಿ ಎಂದು ಬೇರೆ ದೇಶದ ಬಾಸ್ ಜಾತಿಯ ಮೀನನ್ನು ತಂದು ಬಿಟ್ಟರು. ಅದು ಅಲ್ಲಿಯ ಸಣ್ಣ ಮೀನು, ಏಡಿಗಳನ್ನು ತಿಂದು ಹಾಕಿತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಹಾರಲಾರದ 'ಪೋಕ್' ಎಂಬ ನೀರುಹಕ್ಕಿಯ ಮರಿಗಳನ್ನೂ ಬಿಡಲಿಲ್ಲ. ದಡದ ಜೊಂಡು ಕಡಿಮೆಯಾದದ್ದೂ ಸೇರಿ, 1990ರ ಹೊತ್ತಿಗೆ ಆ ಹಕ್ಕಿ ಅಳಿದೇಹೋಯಿತು. ಸರೋವರಕ್ಕೆ ಹೊರಹೋಗುವ ಹೊಳೆ ಇಲ್ಲ. ನೆಲದಡಿಯ ಬಿರುಕುಗಳಲ್ಲಿ ಇಂಗಬೇಕು ಅಷ್ಟೆ. ಹಾಗಾಗಿ ಊರುಗಳ ಕೊಳಚೆ, ಹೊಲಗಳ ಗೊಬ್ಬರ ಎಲ್ಲ ಅಲ್ಲೇ ಉಳಿಯುತ್ತದೆ. 2009ರಲ್ಲಿ ನೀರಿನ ಮೇಲೆಲ್ಲ ಪಾಚಿಯ ಹಾಗೆ ಕಾಣುವ ಬ್ಯಾಕ್ಟೀರಿಯಾ ಹಬ್ಬಿ ದೊಡ್ಡ ಭಯವಾಯಿತು. ಮರುವರ್ಷದ ಅಗಾಥಾ ಬಿರುಗಾಳಿ ಮಳೆಯ ನಂತರ ನೀರು ಏರಿ ದಡದ ಕಟ್ಟಡಗಳು ಮುಳುಗಿದವು; ದೋಣಿಯಲ್ಲಿ ಹೋಗುವಾಗ ನೀರಿನಿಂದ ಮೇಲೆದ್ದ ಗೋಡೆಗಳನ್ನು ನಾನೇ ಕಂಡೆ. ಊರವರು ಕೈಕಟ್ಟಿ ಕುಳಿತಿಲ್ಲ. ಸಾನ್ ಪೆದ್ರೊದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನೇ ನಿಷೇಧಿಸಿದರು. ಮಾರುಕಟ್ಟೆಯಲ್ಲಿ ಮೀನು ಕೊಂಡರೆ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದರು, ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಕೊಡುತ್ತಿದ್ದ ಹಾಗೆ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಫೆಬ್ರವರಿಯ ಒಂದು ಬೆಳಿಗ್ಗೆ ಪಾಠ ಆರಂಭಿಸಿ ಹತ್ತು ನಿಮಿಷವಾಗಿತ್ತು. ಆದಿ ಕ್ರೈಸ್ತರು ಸತ್ತವರನ್ನು ಎಷ್ಟು ಗೌರವದಿಂದ ಮಣ್ಣುಮಾಡುತ್ತಿದ್ದರು, ಅನಾಥ ಹೆಣಗಳನ್ನೂ ಹೊತ್ತು ಒಯ್ಯುತ್ತಿದ್ದರು ಎಂಬ ಪಾಠ. ಅಷ್ಟರಲ್ಲಿ ಇಗರ್ಜಿಯ ಗಂಟೆ ಒಂದೊಂದಾಗಿ, ಬಿಟ್ಟು ಬಿಟ್ಟು ಬಡಿಯತೊಡಗಿತು. ಪಕ್ಕದ ಮನೆಯಿಂದ ಹೆಂಗಸರ ಅಳು. "ಫಾದರ್, ಶಬ್ದ ಬರ್ತಾ ಇದೆ, ನೀವು ಹೇಳುವುದು ಕೇಳಿಸ್ತಾ ಇಲ್ಲ" ಎಂದ ಒಬ್ಬ ಹುಡುಗ. ನಾನು ಎದ್ದು ಕಿಟಕಿ ಮುಚ್ಚಿದೆ, ಪರದೆ ಎಳೆದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಪಾಠ ಚೆನ್ನಾಗಿಯೇ ಆಯಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ದೋನ್ಯಾ ಹೇಳಿದರು: ಪಕ್ಕದ ಮನೆಯ ಅಜ್ಜ ತೀರಿಕೊಂಡರು. ದಿನಾ ಸಂಜೆ ಗೋಡೆಯಾಚೆಯಿಂದ ನನಗೆ ಕೈಯೆತ್ತಿ ನಮಸ್ಕರಿಸುತ್ತಿದ್ದವರು. "ನನ್ನನ್ನು ಯಾಕೆ ಕರೆಯಲಿಲ್ಲ?" ಎಂದೆ. "ಬಾಗಿಲು ತಟ್ಟಲು ಬಂದಿದ್ದೆ, ಪಾದ್ರೆ. ನೀವು ಕೆಲಸದಲ್ಲಿದ್ದಿರಿ" ಎಂದರು. ಅದರಲ್ಲಿ ದೂರು ಇರಲಿಲ್ಲ. ಬಾಡಿಗೆಗೆ ಬರುವವರೆಲ್ಲ ಹಾಗೇ ಇರುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಮರುದಿನ ಮಣ್ಣಿಗೆ ಹೋದೆ. ಬಣ್ಣ ಬಳಿದ ಗೋರಿಗಳ ನಡುವೆ ಶವಪೆಟ್ಟಿಗೆ ಇಳಿಸುವಾಗ ಸೊಸೆ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಮೊಬೈಲನ್ನೂ ಎತ್ತಿ ಹಿಡಿದಿದ್ದಳು. ಆ ಮೊಬೈಲಿನಲ್ಲಿ ಅಜ್ಜನ ಮಗ. ಅಮೆರಿಕದಲ್ಲಿ ಹೋಟೆಲಿನ ಪಾತ್ರೆ ತೊಳೆಯುವ ಕೆಲಸ, ಕಾಗದಪತ್ರ ಇಲ್ಲ. ಬಂದರೆ ಮರಳಿ ಹೋಗುವಂತಿಲ್ಲ. ಆ ಮನೆಯ ಗಾರೆಗೋಡೆ, ಮಗುವಿನ ಶಾಲೆ, ಅಜ್ಜನ ಔಷಧಿ ಎಲ್ಲವೂ ಆ ಪಾತ್ರೆ ತೊಳೆದ ಹಣದಿಂದ. ಗ್ವಾಟೆಮಾಲಾಕ್ಕೆ ಹೀಗೆ ಹೊರಗೆ ದುಡಿಯುವವರು 2023ರಲ್ಲಿ ಕಳುಹಿಸಿದ ಹಣ ಸುಮಾರು 2,000 ಕೋಟಿ ಡಾಲರ್, ದೇಶದ ಉತ್ಪನ್ನದ ಐದನೇ ಒಂದು ಭಾಗದ ಹತ್ತಿರ. ನಾನು ಹುಟ್ಟಿದ ಊರಿನಲ್ಲೂ ಗಾರೆಗೋಡೆಗಳು ಎದ್ದದ್ದು ಗಲ್ಫಿನ ಹಣದಿಂದಲೇ. ನಮ್ಮ ಅಪ್ಪ ಬಹರೈನಿನಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳುಹಿಸುತ್ತಿದ್ದರು. ಅಮ್ಮ ಉತ್ತರ ತುಂಬುವಾಗ ನಮಗೆ, "ಸುಮ್ಮನಿರಿ, ಶಬ್ದ ಬೀಳ್ತದೆ" ಎಂದು ಗದರಿದರೆ, ಮುಂದಿನ ಕ್ಯಾಸೆಟ್ಟಿನಲ್ಲಿ ಅಪ್ಪ ಹೇಳುತ್ತಿದ್ದರು: ಮಕ್ಕಳ ಗಲಾಟೆ ಇರಲಿ, ಕೋಳಿ ಕೂಗಿದ್ದೂ ಇರಲಿ, ತೆಗೆಯಬೇಡಿ.

ಸತ್ತ ಮೇಲೆ ಒಂಬತ್ತು ರಾತ್ರಿ ಮನೆಯಲ್ಲಿ ಜಪಸರ ಹೇಳುವುದು ಅಲ್ಲಿಯ ಪದ್ಧತಿ. ಎಲ್ಲ ರಾತ್ರಿಯೂ ಹೋದೆ. ಅವರು ತ್ಸುತುಹಿಲ್‌ನಲ್ಲಿ, ನಾನು ಕನ್ನಡದಲ್ಲಿ. ಆಮೇಲೆ ಸಿಹಿ ಬ್ರೆಡ್ಡು, ಬಿಸಿ ಕಾಫಿ.

ಒಂದು ಶನಿವಾರ ದೋಣಿ ಹತ್ತಿ ಆಚೆ ದಡದ ಸಾಂತಿಯಾಗೊ ಅತಿತ್ಲಾನ್‌ಗೆ ಹೋದೆ, ಯಕೋಬರ ಊರಿಗೆ. ಹದಿನಾರನೆಯ ಶತಮಾನದ ದೊಡ್ಡ ಬಿಳಿ ದೇವಾಲಯ. ಎರಡೂ ಗೋಡೆಗಳ ಉದ್ದಕ್ಕೂ ಬಟ್ಟೆ ತೊಡಿಸಿದ ಮರದ ಸಂತರು. ಅಲ್ಲಿ ಪುನೀತ ಸ್ಟ್ಯಾನ್ಲಿ ರೋಥರ್ ಅವರ ಹೃದಯವನ್ನು ಇಟ್ಟಿದ್ದಾರೆ. ಅಮೆರಿಕದ ಓಕ್ಲಹೋಮದ ರೈತನ ಮಗ. ಲ್ಯಾಟಿನ್ ತಲೆಗೆ ಹತ್ತದೆ ಮೊದಲ ಗುರುಮಠದಿಂದ ಹೊರಬೀಳಬೇಕಾಗಿ ಬಂದವರು. 1968ರಲ್ಲಿ ಈ ಊರಿಗೆ ಬಂದು, ಲ್ಯಾಟಿನ್ ಬಾರದ ಅದೇ ನಾಲಿಗೆಯಲ್ಲಿ ತ್ಸುತುಹಿಲ್ ಕಲಿತರು. ಜನರ ಜೊತೆ ಹೊಲ ಉತ್ತರು. ಸ್ಟ್ಯಾನ್ಲಿ ಎಂಬುದು ಊರವರ ಬಾಯಿಗೆ ಬಾರದೆ, ಅವರ ಇನ್ನೊಂದು ಹೆಸರಾದ ಫ್ರಾನ್ಸಿಸ್ ಅನ್ನು ತಮ್ಮ ಭಾಷೆಗೆ ತಿರುಗಿಸಿ 'ಪಾದ್ರೆ ಅಪ್ಲಾಸ್' ಎಂದರು. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದ ಕ್ರೂರ ವರ್ಷಗಳವು. ಧರ್ಮೋಪದೇಶಕರನ್ನು ಹಿಡಿದೊಯ್ಯುತ್ತಿದ್ದರು, ಅವರ ಹೆಣಗಳೂ ಸಿಗುತ್ತಿರಲಿಲ್ಲ. ಕೊಲ್ಲುವವರ ಪಟ್ಟಿಯಲ್ಲಿ ತಮ್ಮ ಹೆಸರೂ ಇದೆ ಎಂದು ತಿಳಿದು 1981ರ ಜನವರಿಯಲ್ಲಿ ಅವರು ಓಕ್ಲಹೋಮಕ್ಕೆ ಮರಳಿದ್ದರು. ಅಲ್ಲೇ ಇದ್ದು ಹಣ ಕಳುಹಿಸಬಹುದಿತ್ತು, ಪತ್ರ ಬರೆಯಬಹುದಿತ್ತು. ಪವಿತ್ರ ವಾರಕ್ಕೆ ತಿರುಗಿ ಬಂದರು. ಆ ಜುಲೈ 28ರ ರಾತ್ರಿ ಗುರುನಿವಾಸದಲ್ಲೇ ಗುಂಡಿಟ್ಟು ಕೊಂದರು. 46 ವರ್ಷ. ದೇಹ ತವರಿಗೆ ಹೋಗುವಾಗ ಜನ ಹೃದಯವನ್ನು ಕೇಳಿ ಉಳಿಸಿಕೊಂಡರು. 2017ರ ಸೆಪ್ಟೆಂಬರ್ 23ರಂದು ಅವರನ್ನು ಪುನೀತರೆಂದು ಘೋಷಿಸಲಾಯಿತು. ಆ ಕೋಣೆಯಲ್ಲಿ ನಾನು ತುಂಬ ಹೊತ್ತು ಇದ್ದೆ. ನನ್ನದೂ ಹೆಚ್ಚುಕಡಿಮೆ ಅದೇ ವಯಸ್ಸು. ಶೊಕೊಮಿಲ್ ಎದ್ದಿದ್ದರಿಂದ ದೋಣಿಯಲ್ಲಿ ಮೈಯೆಲ್ಲ ಒದ್ದೆ ಮಾಡಿಕೊಂಡು ಮರಳಿದೆ.

ಪವಿತ್ರ ವಾರದಲ್ಲಿ ಬೀದಿಗಳಿಗೆಲ್ಲ ಬಣ್ಣದ ಮರದ ಪುಡಿ, ಹೂವು, ಪೈನ್ ಎಲೆಗಳ ರಂಗೋಲಿ ಹಾಕುತ್ತಾರೆ. ರಾತ್ರಿಯಿಡೀ ಮೊಣಕಾಲೂರಿ ಬಿಡಿಸಿದ್ದನ್ನು ಮೆರವಣಿಗೆ ಐದು ನಿಮಿಷದಲ್ಲಿ ತುಳಿದು ಹೋಗುತ್ತದೆ. ನಾನೂ ಬಗ್ಗಿ ಪುಡಿ ತುಂಬಿದೆ. ಗೆರೆ ಸೊಟ್ಟಗಾಯಿತೆಂದು ಮೊಮ್ಮಗಳು ಅಳಿಸಿ ತಿದ್ದಿದಳು.

ಪಾಸ್ಖ ಹಬ್ಬದ ಎರಡು ದಿನಗಳ ನಂತರ, ಏಪ್ರಿಲ್ 11ರಂದು ಹೊರಡಬೇಕಿತ್ತು. ಹಿಂದಿನ ಸಂಜೆ ಪಕ್ಕದ ಮನೆಯ ಸೊಸೆ ಮೊಬೈಲ್ ತಂದು ನನ್ನ ಕೈಯಲ್ಲಿಟ್ಟಳು. ಆ ಕಡೆ ಅವಳ ಗಂಡ. ಹಿಂದೆ ಪಾತ್ರೆಗಳ ಸದ್ದು. ನಾನು ಅಮೆರಿಕದಲ್ಲಿ ಎಲ್ಲಿಗೆ ಹೋಗುತ್ತೇನೆಂದು ಕೇಳಿದ; ಅವನಿರುವ ಕಡೆಯಿಂದ ಬಹಳ ದೂರ. ಒಂಬತ್ತು ರಾತ್ರಿ ಬಂದದ್ದಕ್ಕೆ 'ಮಾಲ್ತ್ಯೋಶ್' ಎಂದ, ಅಂದರೆ ಅವರ ಭಾಷೆಯಲ್ಲಿ ಧನ್ಯವಾದ. ಆಮೇಲೆ, "ಪಾದ್ರೆ, ಅವತ್ತು ಅಪ್ಪನಿಗೆ ಗಂಟೆ ಬಾರಿಸಿದಾಗ ನನಗೆ ಮೊಬೈಲಿನಲ್ಲಿ ತುಂಡುತುಂಡಾಗಿ ಕೇಳಿಸಿತು. ನೀವು ಪಕ್ಕದಲ್ಲೇ ಇದ್ದಿರಲ್ಲ. ಎಷ್ಟು ಹೊತ್ತು ಬಾರಿಸಿದರು?" ಎಂದು ಕೇಳಿದ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕಿಟಕಿ ಮುಚ್ಚಿದ್ದೆ, ಕೇಳಿಸಿಕೊಳ್ಳಲಿಲ್ಲ ಎಂದು ನನಗೆ ಬರುವ ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, ತೋಟದ ಕಾಫಿ ಎಲ್ಲ ಕೊಯ್ದಾಯಿತೇ, ಮೇಲಿನ ಗಿಡಗಳಲ್ಲಿ ಉಳಿದಿದೆಯೇ ಎಂದು ಕೇಳಿದ. ಕೊಯ್ದಾಗಿದೆ ಎಂದೆ, ಅದು ನನಗೆ ಗೊತ್ತಿತ್ತು, ಕೊನೆಯ ಎರಡು ದಿನ ನಾನೂ ಹೋಗಿದ್ದೆ.

ಮರುದಿನ ಗಾಳಿ ಏಳುವ ಮೊದಲೇ ದೋಣಿ ಹತ್ತಿದೆ. ದೋಣಿಯವನು ಈ ಸಲ ಊರವರ ದರವನ್ನೇ ತೆಗೆದುಕೊಂಡ. ದೋನ್ಯಾ ಅವನಿಗೆ ಏನೋ ತ್ಸುತುಹಿಲ್‌ನಲ್ಲಿ ಹೇಳಿದ್ದರು.